ಐದನೇ ಸಲವೂ ಹೋಗಲು ಆಗುವ ಜಾಗ ಯಾವುದು? ಉತ್ತರ ಕನ್ನಡದಲ್ಲಿ ಮನಸ್ಸಿನ ಚಿಕಿತ್ಸೆಗೆ ಇರುವ ದಾರಿಗಳು

ನಮ್ಮ ಕಡೆ ‘ಮಂಡೆ ಬಿಸಿ’ ಎನ್ನುವ ಮಾತು ಎಲ್ಲದಕ್ಕೂ ಸಲ್ಲುತ್ತದೆ. ಅಡಕೆ ದರ ಇಳಿದರೆ ಮಂಡೆ ಬಿಸಿ, ಬಲೆಗೆ ಮೀನು ಬೀಳದಿದ್ದರೆ ಮಂಡೆ ಬಿಸಿ, ಮಗನಿಗೆ ಹೆಣ್ಣು ಸಿಗದಿದ್ದರೂ ಮಂಡೆ ಬಿಸಿ. ತಿಂಗಳುಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಅಂಗಳಕ್ಕಿಳಿಯಲೂ ಮನಸ್ಸಿಲ್ಲದೆ ಕೂತವರಿಗೂ ಅದೇ ಮಾತು. ಹಾಗಾಗಿ ‘ಇದನ್ನು ಡಾಕ್ಟರಿಗೆ ತೋರಿಸಬೇಕು’ ಎಂದು ಮನೆಯವರಿಗೆ ಹೊಳೆಯುವ ಹೊತ್ತಿಗೆ ಒಂದೆರಡು ಮಳೆಗಾಲ ಕಳೆದಿರುತ್ತದೆ. ಹೊಳೆದ ಮೇಲೆ ಇನ್ನೊಂದು ಗೊಂದಲ. ಎಲ್ಲಿಗೆ ಹೋಗುವುದು? ಕಾರವಾರಕ್ಕೋ, ಹುಬ್ಬಳ್ಳಿಗೋ, ಮಣಿಪಾಲಕ್ಕೋ? ಮಾತ್ರೆಯೋ, ಕೌನ್ಸೆಲಿಂಗೋ? ಫೋನಿನಲ್ಲೇ ಆಗುತ್ತದಂತೆ, ಹೌದಾ?

ಇದನ್ನೆಲ್ಲ ನನ್ನನ್ನು ಕೇಳುವವರು ಜಾಸ್ತಿ. ನಾನು ಡಾಕ್ಟರಲ್ಲ. ಕೇಳುವುದಕ್ಕೆ ಕಾರಣ ನನ್ನ ತಮ್ಮ. ಅವನಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು, ‘ಅಕ್ಕಾ, ಈಗ ಸತ್ತೆ’ ಎನ್ನುತ್ತಿದ್ದ. ಮೂರು ಇಸಿಜಿ, ಒಂದು ಎಕೋ, ಒಂದು ಎಂಡೋಸ್ಕೋಪಿ ಆಯಿತು. ಎಲ್ಲ ನಾರ್ಮಲ್. ಗ್ಯಾಸ್ ಎಂದರು, ಗ್ಯಾಸಿನ ಮಾತ್ರೆ ಕೊಟ್ಟರು. ಕೊನೆಗೆ ಒಬ್ಬರು ಹಿರಿಯ ಡಾಕ್ಟರು ಕೂರಿಸಿಕೊಂಡು, ಇದು ಹೃದಯದ್ದಲ್ಲ, ಗಾಬರಿಯ ಕಾಯಿಲೆ, ಪ್ಯಾನಿಕ್ ಎಂದರು. ಅಲ್ಲಿಂದ ಒಂದೂವರೆ ವರ್ಷದಲ್ಲಿ ನಾವು ನಾಲ್ಕು ಕಡೆ ಅಲೆದೆವು. ನಾಲ್ಕೂ ಕಡೆ ಮೊದಲ ಭೇಟಿ ಚೆನ್ನಾಗಿಯೇ ಆಯಿತು. ತಪ್ಪಿದ್ದು ಮೂರನೆಯದೋ ನಾಲ್ಕನೆಯದೋ ಭೇಟಿ. ಒಮ್ಮೆ ಮಳೆಗೆ ರಸ್ತೆ ಬಂದ್. ಒಮ್ಮೆ ಕೈಯಲ್ಲಿ ದುಡ್ಡಿಲ್ಲ. ಒಮ್ಮೆ ಅಂಗಡಿ ಬಿಟ್ಟು ಹೊರಡಲು ಅವನು ಒಪ್ಪಲಿಲ್ಲ.

ಮನಸ್ಸಿನ ಚಿಕಿತ್ಸೆ ಹಲ್ಲು ಕೀಳಿಸಿದಂತೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲಿಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಎಷ್ಟೋ ತಿಂಗಳು ಮುಂದುವರಿಸಬೇಕು. ಆದ್ದರಿಂದ ‘ಎಲ್ಲಿ ದೊಡ್ಡ ಡಾಕ್ಟರಿದ್ದಾರೆ’ ಎಂದು ಹುಡುಕುವ ಮೊದಲು ‘ಐದನೇ ಸಲವೂ ನಾನು ಅಲ್ಲಿಗೆ ಹೋಗಬಲ್ಲೆನಾ’ ಎಂದು ಕೇಳಿಕೊಳ್ಳಿ. ಈ ಬರಹದಲ್ಲಿ ಎಲ್ಲವನ್ನೂ ನಾನು ಈ ಒಂದು ತಕ್ಕಡಿಯಲ್ಲೇ ಹೆಚ್ಚು ತೂಗಿದ್ದೇನೆ.

ಅಳತೆಗೋಲುಗಳು ಮೊದಲು

ಮೊದಲನೆಯದು ತುರ್ತು. ಸಾಯುವ ಮಾತಾಡುತ್ತಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಮೂರ್ನಾಲ್ಕು ದಿನದಿಂದ ನಿದ್ದೆಯಿಲ್ಲದೆ ಕೂಗಾಡುತ್ತಿದ್ದರೆ, ಹೆರಿಗೆಯಾದ ಕೆಲವೇ ದಿನದಲ್ಲಿ ಬಾಣಂತಿ ವಿಚಿತ್ರವಾಗಿ ಆಡುತ್ತಿದ್ದರೆ, ಹೋಲಿಕೆ ಮಾಡುತ್ತ ಕೂರಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ತೋಟದ ಔಷಧಿ, ಕಳೆನಾಶಕ, ಮಾತ್ರೆ ಡಬ್ಬಿ ಎಲ್ಲವನ್ನೂ ಆ ದಿನವೇ ಬೇರೆಯವರ ಮನೆಗೆ ಸಾಗಿಸಿ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಒಯ್ಯದ ಮನೆಗಳಿವೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಅದಕ್ಕೂ ಮೊದಲೇ, 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು ಎಂದು ಹೇಳಿತ್ತು.

ಎರಡನೆಯದು, ಬೇಕಾಗಿರುವುದು ಮಾತ್ರೆಯೋ ಮಾತೋ. ಇದನ್ನು ತಿಳಿಯಲು ಯಾರು ಯಾರೆಂದು ಗೊತ್ತಿರಬೇಕು. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲೇ ಮುಂದೆ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ ಮಾಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿಯಾಗಿರಬೇಕು. ನಂಬರ್ ಕೇಳಿದರೆ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಇನ್ನು ‘ಕೌನ್ಸೆಲರ್’ ಎನ್ನುವುದು ಸಡಿಲ ಪದ. ಎರಡು ವರ್ಷ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯ, ಓದಿ ಹತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರೂ ಕೌನ್ಸೆಲರ್, ವಾರದ ಆನ್‌ಲೈನ್ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಕೌನ್ಸೆಲರ್. ಏನು ಓದಿದ್ದೀರಿ, ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಸಿಟ್ಟಾಗುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯದು ಭಾಷೆ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಲು ನೋವನ್ನು ಯಾವ ಭಾಷೆಯಲ್ಲೂ ಬೆರಳಿಟ್ಟು ತೋರಿಸಬಹುದು. ಸಂಕಟವನ್ನು ಹಾಗೆ ತೋರಿಸಲು ಬರುವುದಿಲ್ಲ. ಮನೆಯಲ್ಲಿ ಕೊಂಕಣಿ ಆಡುವ ಕಾರವಾರದ ಅಜ್ಜಿ, ನವಾಯತಿ ಆಡುವ ಭಟ್ಕಳದ ಹೆಂಗಸು, ಹವಿಗನ್ನಡ ಬಿಟ್ಟರೆ ಬೇರೆ ಬಾಯಿಗೆ ಬಾರದ ನಮ್ಮ ಅತ್ತೆಯಂಥವರು ‘ಪುಸ್ತಕದ ಕನ್ನಡ’ದಲ್ಲಿ ಕೇಳಿದರೆ ‘ಎಲ್ಲಾ ಸರಿ ಇದ್ದು’ ಎಂದು ಎದ್ದು ಬಂದುಬಿಡುತ್ತಾರೆ. ಜೊತೆಗೆ ಹೋಗುವವರು ಅವರ ಮಾತನ್ನು ಬಲ್ಲವರಾಗಿರಲಿ. ಆದರೆ ಸ್ವಲ್ಪ ಹೊತ್ತು ಅವರನ್ನು ಡಾಕ್ಟರ ಹತ್ತಿರ ಒಬ್ಬರೇ ಬಿಡಿ. ಗಂಡನ ಎದುರು ಹೇಳಲಾಗದ್ದು ಇರುತ್ತದಲ್ವಾ.

ನಾಲ್ಕನೆಯದು ಗುಟ್ಟು. ಶಿರಸಿಯ ಪೇಟೆಯಲ್ಲಿ ಯಾವ ಕ್ಲಿನಿಕ್ಕಿನ ಮುಂದೆ ನಿಂತರೂ ಎರಡು ಜನ ‘ಎಂತ ಆಯ್ತು?’ ಎಂದು ಕೇಳುತ್ತಾರೆ. ಬರೀ ಇದಕ್ಕೇ ಹತ್ತಿರದ ಆಸ್ಪತ್ರೆ ಬಿಟ್ಟು ನೂರು ಕಿಲೋಮೀಟರ್ ದೂರ ಹೋಗುವವರಿದ್ದಾರೆ. ತಪ್ಪೇನಿಲ್ಲ. ಆದರೆ ಗುಟ್ಟಿಗೂ ಒಂದು ಬೆಲೆ ಇದೆ, ಅದನ್ನು ಪ್ರತಿ ತಿಂಗಳೂ ಕೊಡಬೇಕು ಎಂಬುದು ನೆನಪಿರಲಿ.

ಐದನೆಯದು ದುಡ್ಡು. ಫೀ ಒಂದನ್ನೇ ನೋಡಬೇಡಿ. ಶಿರಸಿ ಹತ್ತಿರದ ಹಳ್ಳಿಯ ಒಬ್ಬ ಕೂಲಿಯಾಳು ಹುಬ್ಬಳ್ಳಿಯ ಖಾಸಗಿ ಡಾಕ್ಟರ ಹತ್ತಿರ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಫೀ 600, ತಿಂಗಳ ಮಾತ್ರೆ 500, ಹೋಗಿ ಬರುವ ಬಸ್ಸಿಗೆ 300, ಊಟ ಚಹಾಕ್ಕೆ 200, ಕಳೆದುಕೊಂಡ ಕೂಲಿ 600 ಎಂದು ಹಿಡಿಯಿರಿ. ಒಟ್ಟು 2,200 ಆಯಿತು. ಅದರಲ್ಲಿ ಫೀ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಐದು ಸಲಕ್ಕೆ 11,000. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು, ಆದರೆ ಹೀಗೇ ಐದು ಸಾಲು ಬರೆದು ಕೂಡಿಸಿ. ಹೆಂಗಸರಿಗೆ ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ರಾಜ್ಯದೊಳಗಿನ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಸಾಲು ಸೊನ್ನೆ. ಗೋವಾಕ್ಕೆ ಹೊರಟರೆ ಆ ಸೌಲಭ್ಯವಿಲ್ಲ.

ಫೋನಿನಿಂದ ಶುರು ಮಾಡುವುದು: 14416

ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಇದರ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಮೊದಲು ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ. ಅವರಿಗೆ ಅಗತ್ಯ ಎನಿಸಿದರೆ ಮೇಲಿನ ತಜ್ಞರಿಗೆ ಕೊಡುತ್ತಾರೆ, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಲು ಹೇಳುತ್ತಾರೆ.

ನಮ್ಮಂಥ ಜಿಲ್ಲೆಗೆ ಇದು ಹೇಳಿ ಮಾಡಿಸಿದ್ದು. ಘಟ್ಟ ಇಳಿಯಬೇಕಿಲ್ಲ, ಕೂಲಿ ತಪ್ಪುವುದಿಲ್ಲ, ಪಕ್ಕದ ಮನೆಯವರು ನೋಡುವುದಿಲ್ಲ. ತೊಂದರೆ ಇರುವುದು ಎರಡು ಕಡೆ. ಜೋಯಿಡಾ ಕಾಡಿನ ಹಳ್ಳಿಯಲ್ಲಿ, ಸಿದ್ದಾಪುರದ ಮೂಲೆಯಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಗುಡ್ಡದ ಮೇಲೆ ನಿಂತು ಅಳುವುದು ಸುಲಭವಲ್ಲ. ಎರಡನೆಯದಾಗಿ, ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಎಂದು ನಂಬಿ ಕೂರುವಂತಿಲ್ಲ. ದೀರ್ಘ ಕಾಲದ ಮಾತಿನ ಚಿಕಿತ್ಸೆಗೆ ಒಬ್ಬರೇ ಇರಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಬಾಗಿಲು. ಒಳಗೆ ಹೋಗಿ ಕೂರಲು ಬೇರೆ ಕೋಣೆ ಬೇಕು. ಆದರೂ ಯಾವುದನ್ನೂ ತೀರ್ಮಾನಿಸಲು ಆಗದವರು ಇವತ್ತು ರಾತ್ರಿಯೇ ಮಾಡಬಹುದಾದ ಒಂದೇ ಕೆಲಸ ಇದು. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು.

ತಾಲೂಕು ಆಸ್ಪತ್ರೆ, ಕಾರವಾರದ ಜಿಲ್ಲಾ ಆಸ್ಪತ್ರೆ

ಸರ್ಕಾರಿ ಎಂದ ಕೂಡಲೇ ಮೂಗು ಮುರಿಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಮಾತು ಬದಲಿಸಿದ್ದೇನೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೊಂದಿದೆ. ದೇಶದಲ್ಲಿ ಇದು 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ಮನೋರೋಗದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಊರಿನ ಹತ್ತಿರಕ್ಕೆ ತರುವುದು ಅದರ ಉದ್ದೇಶ. ಇದರ ಜೊತೆಗೆ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ. ಯಾವ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಗೊತ್ತಾಗುತ್ತದೆ. ಸುಮ್ನೆ ಹೋಗಿ ವಾಪಸ್ ಬರುವುದು ಬೇಡ. ಒಂದು ಸಲ ಹಾಗಾದರೆ ರೋಗಿ ಇನ್ನೊಮ್ಮೆ ಹೊರಡುವುದೇ ಇಲ್ಲ.

ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆ ಈಗ ಕ್ರಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದೆ. ಕಾಲೇಜು ಇರುವ ಕಡೆ ಮನೋರೋಗ ವಿಭಾಗ ಇರಲೇಬೇಕು, ಒಪಿಡಿ, ಅಂದರೆ ದಾಖಲಾಗದೆ ತೋರಿಸಿಕೊಂಡು ಬರುವ ಹೊರರೋಗಿ ವಿಭಾಗ, ಇರುತ್ತದೆ, ಮಾತ್ರೆ ಅಲ್ಲೇ ಸಿಗುತ್ತದೆ. ಕಾರವಾರ, ಅಂಕೋಲಾದವರಿಗೆ ಇದನ್ನು ಬಿಟ್ಟು ಬೇರೆ ಕಡೆ ಮೊದಲು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಶಿರಸಿಯವರ ಮಾತು ಬೇರೆ. ಶಿರಸಿಯಿಂದ ಕಾರವಾರ ಹುಬ್ಬಳ್ಳಿಗಿಂತ ಹತ್ತಿರವೇನಲ್ಲ, ನಡುವೆ ಘಟ್ಟ ಬೇರೆ. ದೇವಿಮನೆ ಘಟ್ಟದ ರಸ್ತೆ ಯಾವಾಗ ಬಂದ್ ಎಂದು ಹೇಳಲಿಕ್ಕಾಗದು. ಅವರಿಗೆ ಊರಿನ ಪಂಡಿತ ಸಾರ್ವಜನಿಕ ಆಸ್ಪತ್ರೆಯೇ ಮೊದಲ ಮೆಟ್ಟಿಲು.

ಇಲ್ಲಿಯ ಕೊರತೆ ಹೊತ್ತು. ಸಾಲು ಉದ್ದ ಇರುತ್ತದೆ, ಡಾಕ್ಟರು ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಲಾಗುವುದಿಲ್ಲ. ಮನಸ್ಸು ಬಿಚ್ಚಿ ಮಾತಾಡಲು ಬಂದವರಿಗೆ ಇದು ಸಾಲದು. ಡಾಕ್ಟರು ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕು. ಆದರೆ ಕಾಯಿಲೆ ಯಾವುದೆಂದು ಗೊತ್ತಾಗಿ, ಮಾತ್ರೆ ಒಗ್ಗಿದವರಿಗೆ ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾ, ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್‌ನಂತಹ ವರ್ಷಗಟ್ಟಲೆ ಮಾತ್ರೆ ಬೇಕಾಗುವ ಕಾಯಿಲೆಗೆ ಉಚಿತ ಮಾತ್ರೆ ಎಂದರೆ ದೊಡ್ಡ ವಿಷಯ. ದುಡ್ಡು ತೀರಿ ಮಾತ್ರೆ ನಿಲ್ಲಿಸಿದ್ದಕ್ಕೇ ಕಾಯಿಲೆ ಮರುಕಳಿಸಿದ ಮನೆಗಳನ್ನು ನೋಡಿದ್ದೇನೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. 2017ರ ಕಾಯ್ದೆಯ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ, ಇಲ್ಲದಿರಲಿ. ‘ಕಾರ್ಡ್ ತನ್ನಿ, ಇಲ್ಲವಾದರೆ ದುಡ್ಡು ಕಟ್ಟಿ’ ಎಂದರೆ ಈ ಕಾಯ್ದೆಯ ಹೆಸರು ಹೇಳಿ. ಕಾಯಿಲೆಯ ವಿಷಯ ಗುಟ್ಟಾಗಿಡುವುದೂ, ಕೇಳಿದರೆ ನಿಮ್ಮ ದಾಖಲೆ ಕೊಡುವುದೂ ಅದೇ ಕಾಯ್ದೆ ಕೊಟ್ಟ ಹಕ್ಕು.

ಖಾಸಗಿ ಸೈಕಿಯಾಟ್ರಿಸ್ಟ್

ಕೆಲವರು ಇಲ್ಲೇ ಪೇಟೆಯಲ್ಲಿ ಕ್ಲಿನಿಕ್ ಇಟ್ಟಿದ್ದಾರೆ. ಇನ್ನು ಕೆಲವರು ಹೊರಗಿನಿಂದ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಂದು ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ಕೂರುತ್ತಾರೆ. ಇಲ್ಲಿ ಒಳ್ಳೆಯದೆಂದರೆ ಅದೇ ಡಾಕ್ಟರು, ಸ್ವಲ್ಪ ಜಾಸ್ತಿ ಹೊತ್ತು, ಸ್ವಲ್ಪ ಜಾಸ್ತಿ ಮರೆ. ನರ್ಸಿಂಗ್ ಹೋಮಿನ ಬೆಂಚಿನಲ್ಲಿ ಕೂತರೆ ಯಾವ ಡಾಕ್ಟರಿಗೆ ಕಾಯುತ್ತಿದ್ದೀರಿ ಎಂದು ಯಾರಿಗೂ ತಿಳಿಯುವುದಿಲ್ಲ!

ಹೊರಗಿನಿಂದ ಬರುವವರಾದರೆ ಮೊದಲ ದಿನವೇ ಒಂದು ಪ್ರಶ್ನೆ ಕೇಳಿ: ‘ನೀವು ಊರಲ್ಲಿಲ್ಲದ ದಿನ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?’ ಉತ್ತರ ಇಲ್ಲವಾದರೆ ಇನ್ನೊಬ್ಬರನ್ನು ಹುಡುಕಿ. ಮಾತ್ರೆ ಶುರುವಾದ ಮೊದಲ ಎರಡು ವಾರದಲ್ಲೇ ವಾಂತಿ, ಚಡಪಡಿಕೆ, ನಿದ್ದೆಗೇಡು ಎಂದು ಸಣ್ಣಪುಟ್ಟ ತೊಂದರೆ ಬರುವುದು. ಬಹಳ ಜನ ಮಾತ್ರೆ ಬಿಡುವುದೂ ಆಗಲೇ.

ಮಾತ್ರೆಯ ಖರ್ಚು ಇಳಿಸಲು ಜನೌಷಧಿ ಅಂಗಡಿ ಇದೆ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಡಾಕ್ಟರನ್ನೇ ಕೇಳಿ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಲೊಪ್ರಾಮ್, ಫ್ಲುಒಕ್ಸೆಟಿನ್ ಹೊಸ ಔಷಧಿಗಳೇನಲ್ಲ. ಬ್ರಾಂಡಿನ ಬೆಲೆಗೂ ಜೆನೆರಿಕ್ ಬೆಲೆಗೂ ಇರುವ ಅಂತರ ನೋಡಿ ನನಗೇ ಆಶ್ಚರ್ಯವಾಗಿತ್ತು. ಆದರೆ ಚೀಟಿ ಇಲ್ಲದೆ ‘ನಿದ್ದೆ ಮಾತ್ರೆ’ ಕೊಡುವ ಮೆಡಿಕಲ್ ಶಾಪನ್ನು ಮಾತ್ರ ಉಪಕಾರಿ ಎಂದುಕೊಳ್ಳಬೇಡಿ. ಅಲ್ಪ್ರಜೊಲಾಮ್, ಕ್ಲೊನಜೆಪಾಮ್‌ನಂತಹವು ಬೇಗ ಅಭ್ಯಾಸವಾಗುತ್ತವೆ. ಆಮೇಲೆ ಥಟ್ಟನೆ ಬಿಟ್ಟರೂ ತೊಂದರೆ. ಅದಕ್ಕೇ ಅಲ್ಪ್ರಜೊಲಾಮ್‌ನಂತಹವನ್ನು ಎಚ್1 ಎಂಬ ಬಿಗಿ ಪಟ್ಟಿಯಲ್ಲಿಟ್ಟು, ಯಾರಿಗೆ ಕೊಟ್ಟೆ ಎಂದು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ ಮಾಡಿದ್ದಾರೆ.

ಜಿಲ್ಲೆ ದಾಟುವುದು

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗಿ ಕೂಗಿ ನಮ್ಮ ಜಿಲ್ಲೆಯವರ ಗಂಟಲು ಒಣಗಿದೆ. ಏನೇ ದೊಡ್ಡದಾದರೂ ಗಡಿ ದಾಟುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಮನಸ್ಸಿನ ಕಾಯಿಲೆಗೂ ಹಾಗೇ ಮಾಡುತ್ತೇವೆ. ಇಲ್ಲಿ ಮಾತ್ರ ಸ್ವಲ್ಪ ತಡೆಯಿರಿ ಎನ್ನುತ್ತೇನೆ.

ಎಲ್ಲಿಗೆ ಎಂಬುದನ್ನು ನಕ್ಷೆ ನೋಡಿ ತೀರ್ಮಾನಿಸಿ. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಶಿರಸಿಯವರಿಗೆ ಧಾರವಾಡದ ಡಿಮ್ಹಾನ್ಸ್ ಸಹಜ ಆಯ್ಕೆ. ಮನಸ್ಸು ಮತ್ತು ನರಕ್ಕೆ ಸಂಬಂಧಿಸಿದ ಸರ್ಕಾರಿ ಸಂಸ್ಥೆ ಅದು, ಒಳರೋಗಿಯಾಗಿ ಇಟ್ಟುಕೊಳ್ಳುವ ವ್ಯವಸ್ಥೆಯೂ ಇದೆ. ಹಳಿಯಾಳದಿಂದ ಧಾರವಾಡ ಎಂದರೆ ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೇ ದಾರಿಯಲ್ಲಿದೆ. ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ. ಭಟ್ಕಳದಿಂದ ಕಾರವಾರಕ್ಕಿಂತ ಅದೇ ಹತ್ತಿರ. ಮಣಿಪಾಲದಲ್ಲಿ ಮಾತಿನ ಚಿಕಿತ್ಸೆಯವರು, ಮಕ್ಕಳ ಪರೀಕ್ಷೆಯವರು ಎಲ್ಲ ಒಂದೇ ಸೂರಿನಡಿ ಸಿಗುತ್ತಾರೆ, ಖರ್ಚು ಸರ್ಕಾರಿಗಿಂತ ಜಾಸ್ತಿ. ಮಗುವಿಗೆ ಮಾತು ತಡ, ಓದು ಹತ್ತುತ್ತಿಲ್ಲ, ಆಟಿಸಂ ಇರಬಹುದೇ ಎಂಬ ಅನುಮಾನ ಇದ್ದರೆ ಒಂದು ಸಲ ಇಂಥ ಕಡೆ ಪೂರ್ತಿ ಪರೀಕ್ಷೆ ಮಾಡಿಸಿಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಾರವಾರದವರು ಗೋವಾ ಕಡೆ ನೋಡುತ್ತಾರೆ. ಬಾಂಬೋಳಿಯಲ್ಲಿ ಮನೋರೋಗಕ್ಕೇ ಒಂದು ಸರ್ಕಾರಿ ಸಂಸ್ಥೆಯಿದೆ. ಕೊಂಕಣಿ ಆಡುವವರಿಗೆ ಭಾಷೆಯ ತೊಂದರೆಯಿಲ್ಲ, ಅದು ದೊಡ್ಡ ಲಾಭ. ಆದರೆ ಪಕ್ಕದಲ್ಲೇ ಇರುವ ಗೋವಾ ಮೆಡಿಕಲ್ ಕಾಲೇಜಿನಲ್ಲಿ 2018ರಿಂದ ಹೊರ ರಾಜ್ಯದವರಿಗೆ ಶುಲ್ಕ ಹಾಕುತ್ತಿದ್ದಾರೆ. ಹಾಗಾಗಿ ನಿಮಗೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಂಡು ಹೋಗಿ. ನಮ್ಮ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಂದು ಎಣಿಸಿಕೊಂಡು ಹೊರಡಬೇಡಿ.

ಇನ್ನು ನಿಮ್ಹಾನ್ಸ್. ಪಂಚಗಂಗಾ ರೈಲು ಹತ್ತಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಾಯಿಲೆ ಏನೆಂದು ಯಾರಿಗೂ ತಿಳಿಯುತ್ತಿಲ್ಲ, ಮೂರ್ನಾಲ್ಕು ಬಗೆಯ ಮಾತ್ರೆ ಕೊಟ್ಟರೂ ಹಿಡಿತಕ್ಕೆ ಬರುತ್ತಿಲ್ಲ ಎಂದಾದರೆ ಹೋಗಿ. ತೋರಿಸಿಕೊಂಡು ಬಂದ ಮೇಲೆ ಮುಂದಿನ ಭೇಟಿಗಳನ್ನು ಊರ ಹತ್ತಿರದ ಡಾಕ್ಟರಲ್ಲಿ ಮುಂದುವರಿಸಬಹುದೇ ಎಂದು ಅಲ್ಲೇ ಕೇಳಿ, ಚೀಟಿ ಬರೆಸಿಕೊಳ್ಳಿ. ಪ್ರತಿ ತಿಂಗಳೂ ಬೆಂಗಳೂರು ಎಂದರೆ ಮೂರನೇ ತಿಂಗಳಿಗೆ ಕೈ ಸೋಲುತ್ತದೆ.

ಮಳೆಗಾಲವನ್ನು ಮರೆಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮುಂದಿನ ತಿಂಗಳು ಕಾಳಿ ನದಿಯ ಹಳೆ ಸೇತುವೆ ಬಿತ್ತು. ದೂರದ ಡಾಕ್ಟರನ್ನು ಆರಿಸಿಕೊಂಡವರು ಜೂನ್ ಬರುವ ಮೊದಲೇ ಹೇಳಿ ಎರಡು ತಿಂಗಳ ಮಾತ್ರೆ ಬರೆಸಿಟ್ಟುಕೊಳ್ಳಿ. ಅದು ಆಗದ ಮಾತಾದರೆ ನಡುವಿನ ಭೇಟಿ ಫೋನಿನಲ್ಲಿ ಆಗುತ್ತದೆಯೇ ಕೇಳಿ. 2020ರಲ್ಲಿ ಬಂದ ಟೆಲಿಮೆಡಿಸಿನ್ ನಿಯಮದ ಪ್ರಕಾರ ಡಾಕ್ಟರು ದೂರದಿಂದಲೂ ನೋಡಬಹುದು. ಕೆಲವು ಬಗೆಯ ಮಾತ್ರೆಗಳನ್ನು ಮಾತ್ರ ಹಾಗೆ ಬರೆಯುವಂತಿಲ್ಲ.

ಆನ್‌ಲೈನ್ ಕೌನ್ಸೆಲಿಂಗ್, ಮತ್ತು ನಾವು ಕಲಿತ ಪಾಠ

ಡಾಕ್ಟರು ತಮ್ಮನಿಗೆ ಮಾತ್ರೆಯ ಜೊತೆ ಮಾತಿನ ಚಿಕಿತ್ಸೆಯೂ ಇರಲಿ ಎಂದಿದ್ದರು. ಸಿಬಿಟಿ ಎನ್ನುತ್ತಾರೆ. ಎದೆ ಹೊಡೆದುಕೊಂಡಾಗ ‘ಸತ್ತೆ’ ಎಂದು ಮನಸ್ಸು ಹೇಳುವುದನ್ನು ಹಿಡಿದು, ಅದು ನಿಜವೇ ಎಂದು ಪರೀಕ್ಷಿಸಲು ಕಲಿಸುವ ವಿಧಾನ. ಹತ್ತಿರದಲ್ಲಿ ಯಾರೂ ಸಿಗದೆ ನಾನೇ ಒಂದು ಆ್ಯಪಿನಲ್ಲಿ ಎಂಟು ಭೇಟಿಯ ಪ್ಯಾಕೇಜು ಕೊಂಡೆ. ಒಟ್ಟಿಗೆ ಕೊಂಡರೆ ರಿಯಾಯಿತಿ ಎಂದಿದ್ದರು. ‘ಕನ್ನಡ’ ಎಂದು ಬರೆದಿತ್ತು. ಸಿಕ್ಕವರಿಗೆ ಬರುತ್ತಿದ್ದ ಕನ್ನಡ ‘ಹೇಗಿದ್ದೀರಾ’ ಎನ್ನುವಲ್ಲಿಗೆ ಮುಗಿಯಿತು. ಮುಂದೆಲ್ಲ ಇಂಗ್ಲಿಷ್. ಅವನು ಎರಡು ಸಲ ಕೂತ, ಮೂರನೇ ಸಲ ಫೋನ್ ಎತ್ತಲಿಲ್ಲ. ಉಳಿದ ಆರು ಭೇಟಿಯ ದುಡ್ಡು ವಾಪಸ್ ಬರಲಿಲ್ಲ.

ಹಾಗೆಂದು ಆನ್‌ಲೈನ್ ಕೆಟ್ಟದ್ದು ಎನ್ನಲಾರೆ. ಆಮೇಲೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕರು. ಆರ್‌ಸಿಐ ನೋಂದಣಿ ಇತ್ತು, ಕರಾವಳಿಯ ಕನ್ನಡ ಬರುತ್ತಿತ್ತು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವನು ಗೋದಾಮಿನಲ್ಲಿ ಕೂತು ಮಾತಾಡುತ್ತಿದ್ದ. ಅದೇ ಅವನನ್ನು ಚಿಕಿತ್ಸೆ ಬಿಡದಂತೆ ಉಳಿಸಿದ್ದು. ಫೀ ಒಂದೊಂದು ಸಲಕ್ಕೂ ಡಾಕ್ಟರ ಫೀಗಿಂತ ಜಾಸ್ತಿ, ಆದರೆ ಬಸ್ಸಿಲ್ಲ, ರಜೆಯಿಲ್ಲ, ಘಟ್ಟವಿಲ್ಲ. ಕೂಡಿಸಿ ನೋಡಿದರೆ ಹುಬ್ಬಳ್ಳಿಗೆ ಹೋಗಿ ಬರುವುದಕ್ಕಿಂತ ಕಡಿಮೆಯೇ ಬಿತ್ತು. ಹಾಗಾಗಿ ಇದನ್ನು ಆರಿಸುವವರಿಗೆ ಹೇಳುವುದು ಇಷ್ಟೇ: ಪ್ಯಾಕೇಜು ಕೊಳ್ಳಬೇಡಿ, ಒಂದೊಂದೇ ಭೇಟಿಗೆ ಕೊಡಿ. ಮೊದಲ ಭೇಟಿಗೆ ಮುಂಚೆ ಎರಡು ನಿಮಿಷ ಫೋನಿನಲ್ಲಿ ಅವರ ಕನ್ನಡ ಕೇಳಿ. ‘ಒಟ್ಟು ಎಷ್ಟು ಸಲ ಬೇಕಾಗಬಹುದು’ ಎಂದು ಕೇಳಿ. ಅಂದಾಜಾದರೂ ಹೇಳದೆ ‘ನೋಡೋಣ’ ಎಂದಷ್ಟೇ ಎಳೆಯುವವರು ಬೇಡ. ಮನೆಯಲ್ಲಿ ಎಲ್ಲರಿಗೂ ಕೇಳುವ ಒಂದೇ ಜಗಲಿ ಇರುವವರಿಗೆ ಇದು ಕಷ್ಟ ಎಂಬುದನ್ನೂ ಒಪ್ಪುತ್ತೇನೆ.

ದನಿ ಕೇಳುವುದು, ವಿಪರೀತ ಅನುಮಾನ, ಊಟ ಬಿಟ್ಟು ಹಾಸಿಗೆ ಹಿಡಿದ ಖಿನ್ನತೆ ಇವಕ್ಕೆ ಮಾತಿನ ಚಿಕಿತ್ಸೆಯಿಂದ ಶುರು ಮಾಡಬೇಡಿ. ಅಲ್ಲಿ ಮೊದಲು ಡಾಕ್ಟರು.

ಕುಡಿತದ ವಿಷಯ ಬೇರೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ದುಡಿಯುವ ಗಂಡಸು ಮನೆಯಲ್ಲಿ, ಬಾಟಲಿ ಪಕ್ಕದಲ್ಲಿ. ‘ಈ ಎರಡು ತಿಂಗಳಲ್ಲಿ ಬಿಡಿಸಿಬಿಡೋಣ’ ಎಂದು ಹೆಂಡತಿ ಯೋಚಿಸುವುದೂ ಆಗಲೇ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಯಲ್ಲೂ ಆಗುತ್ತವೆ. ಊರವರೇ ಸೇರಿ ನಡೆಸುವುದರಿಂದ ಬಂದವರಿಗೆ ಒಂದು ಬಲ ಬರುತ್ತದೆ, ಖರ್ಚೂ ಹೊರೆಯಾಗುವುದಿಲ್ಲ. ಶಿಬಿರ ಮುಗಿದ ಮೇಲೆ ಜೊತೆಯವರು ಕೈ ಬಿಡದಿದ್ದರೆ ಫಲ ಉಳಿಯುತ್ತದೆ.

ಆದರೆ ದಿನವೂ ಬೆಳಗ್ಗೆಯೇ ಬೇಕೆನ್ನುವವರು, ಬಿಟ್ಟರೆ ಕೈ ನಡುಗುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು ಮೊದಲು ಆಸ್ಪತ್ರೆಗೆ ಹೋಗಬೇಕು. ಇಂಥವರು ಥಟ್ಟನೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದಲ್ಲಿ ಸನ್ನಿ ಹಿಡಿದಂತಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು, ಗೊತ್ತಿಲ್ಲದಂತೆ ಊಟದಲ್ಲಿ ಪುಡಿ ಹಾಕುವುದು ಎರಡೂ ಬೇಡ.

ಕುಡಿತವಿರಲಿ, ಬೇರೆ ಕಾಯಿಲೆಯಿರಲಿ, ಕಾರಣ ತಿಳಿಯಲು ನೋಟ ನೋಡಿಸುವುದು, ದೇವರ ಪ್ರಸಾದ ಕೇಳಿಸುವುದು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಮ್ಮಮ್ಮನೂ ಕೇಳಿಸಿದ್ದಳು. ಮನೆಯವರಿಗೆ ಅದರಿಂದ ಧೈರ್ಯ ಬರುತ್ತದೆ. ಮಾತ್ರೆ ನಿಲ್ಲಿಸಿ ಎನ್ನುವ ಕಡೆ, ಹೊಡೆದು ಬಿಡಿಸುತ್ತೇವೆ ಎನ್ನುವ ಕಡೆ, ಸಾವಿರಗಟ್ಟಲೆ ಕೀಳುವ ಕಡೆ ಮಾತ್ರ ನಿಲ್ಲಬೇಡಿ.

ಯಾವ ಕಾರ್ಡು ಎಲ್ಲಿ ನಡೆಯುತ್ತದೆ

ಇಲ್ಲಿ ಜನ ಹೆಚ್ಚು ಮೋಸ ಹೋಗುವುದು ಒಂದೇ ವಿಷಯದಲ್ಲಿ. ವಿಮೆ, ಕಾರ್ಡುಗಳು ಬಹುತೇಕ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಮನಸ್ಸಿನ ಚಿಕಿತ್ಸೆಯ ಖರ್ಚು ಆಗುವುದು ಒಪಿಡಿಯಲ್ಲಿ. ಎರಡೂ ಹೊಂದುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ 30 ಶೇಕಡಾ, 1.5 ಲಕ್ಷದವರೆಗೆ. ದಾಖಲಾಗುವ ಮಟ್ಟದ ಕಾಯಿಲೆಯಾದರೆ ಉಪಯೋಗ. ಶಿರಸಿ ಕಡೆ ಸೊಸೈಟಿ ಸದಸ್ಯರ ಹತ್ತಿರವೆಲ್ಲ ಯಶಸ್ವಿನಿ ಕಾರ್ಡ್ ಇರುತ್ತದೆ. ಅದು ಮುಖ್ಯವಾಗಿ ಆಪರೇಷನ್‌ಗೆ, ಕೌನ್ಸೆಲಿಂಗಿಗೆ ಅಲ್ಲ. ಕಾರ್ಖಾನೆಯಲ್ಲಿ ದುಡಿಯುವ, ಇಎಸ್‌ಐ ಎಂಬ ಕಾರ್ಮಿಕರ ವಿಮೆಯ ಸದಸ್ಯರು ಮೊದಲು ಇಎಸ್‌ಐ ಡಾಕ್ಟರನ್ನೇ ಕಾಣಿ, ಒಪಿಡಿಯೂ ಅದರಲ್ಲಿ ಸೇರಿದೆ.

ಖಾಸಗಿ ವಿಮೆ ಇರುವವರಿಗೆ: ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು 2017ರ ಕಾಯ್ದೆ ವಿಮಾ ಕಂಪನಿಗಳಿಗೆ ಹೇಳಿದೆ. ‘ಮಾನಸಿಕ ಕಾಯಿಲೆ ಸೇರಿಲ್ಲ’ ಎಂದು ಏಜೆಂಟ್ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಎನ್ನಿ. ಆದರೆ ಪಾಲಿಸಿ ಮಾಡಿಸುವಾಗ ಮೊದಲೇ ಇದ್ದ ಕಾಯಿಲೆ ಮುಚ್ಚಿಡಬೇಡಿ. ಹೇಳಿದರೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಕ್ಲೇಮೇ ಹೋಗಬಹುದು.

ವರ್ಷಗಟ್ಟಲೆ ಕಾಯಿಲೆಯಿಂದ ದುಡಿಯಲಾಗದವರಿಗೆ ಇನ್ನೊಂದು ದಾರಿಯಿದೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ವೈಕಲ್ಯ 40 ಶೇಕಡಾ ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಪಿಂಚಣಿ, ಬಸ್ ಪಾಸಿಗೆ ಅರ್ಜಿ ಹಾಕಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಯ ಹಳೆಯ ಚೀಟಿಗಳು ಬಹಳ ಕೆಲಸಕ್ಕೆ ಬರುತ್ತವೆ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ಆಗಾಗ ಸರ್ಕಾರಿ ಒಪಿಡಿಯಲ್ಲಿ ಒಂದು ಚೀಟಿ ಮಾಡಿಸಿಡಿ ಎಂದು ನಾನು ಹೇಳುವುದು ಇದಕ್ಕೇ.

ನಾನಾಗಿದ್ದರೆ

ಕೈಯಲ್ಲಿ ದುಡ್ಡು ಬಿಗಿ, ನಿದ್ದೆಯಿಲ್ಲ, ಮಂಕು ಕವಿದಿದೆ ಎಂದಾದರೆ ಇವತ್ತು 14416, ಮನೋವೈದ್ಯರು ಬರುವ ಮಂಗಳವಾರ ತಾಲೂಕು ಆಸ್ಪತ್ರೆ. ಸ್ವಲ್ಪ ದುಡ್ಡಿದೆ, ಗುಟ್ಟೂ ಬೇಕು, ಮಾತಾಡಬೇಕು ಎಂದಾದರೆ ಹತ್ತಿರದ ಖಾಸಗಿ ಡಾಕ್ಟರಲ್ಲಿ ಒಮ್ಮೆ ತೋರಿಸಿ, ಆಮೇಲೆ ಕನ್ನಡ ಬಲ್ಲ ಸೈಕಾಲಜಿಸ್ಟ್ ಹತ್ತಿರ ಆನ್‌ಲೈನ್ ಮಾತು. ದೊಡ್ಡ ಕಾಯಿಲೆ, ಹೊಸದಾಗಿ ಶುರುವಾಗಿದೆ ಎಂದಾದರೆ ಡಿಮ್ಹಾನ್ಸೋ ಮಣಿಪಾಲವೋ ನಿಮಗೆ ಹತ್ತಿರವಾದ ಕಡೆ ಕಾಯಿಲೆ ಏನೆಂದು ಗೊತ್ತು ಮಾಡಿಕೊಂಡು, ಮಾತ್ರೆಗೆ ಊರ ಸರ್ಕಾರಿ ಆಸ್ಪತ್ರೆ.

‘ನಾನು ಹುಚ್ಚನಾ? ಬರುವುದಿಲ್ಲ’ ಎಂದು ಕೂತವರಿದ್ದರೆ ನೀವೊಬ್ಬರೇ ಹೋಗಿ. ಎಂದಿನಿಂದ ಶುರುವಾಯಿತು, ನಿದ್ದೆ ಎಷ್ಟು, ಊಟ ಎಷ್ಟು, ಯಾವ ಮಾತ್ರೆ ನುಂಗುತ್ತಾರೆ, ಮನೆತನದಲ್ಲಿ ಇನ್ಯಾರಿಗೆ ಇತ್ತು ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ನನ್ನ ತಮ್ಮನ ಮೊದಲ ಭೇಟಿ ಹಾಗೇ ಆಗಿದ್ದು. ಅವನು ಹೊರಗೆ ಬೈಕಿನ ಮೇಲೆ ಕೂತಿದ್ದ, ನಾನು ಒಳಗೆ ಹಾಳೆ ಓದಿದೆ. ಎರಡನೇ ಸಲ ಅವನು ಬೆಂಚಿನವರೆಗೆ ಬಂದ.